ಬಿಡಿಭಾಗಗಳ ಹೆಸರು

ಮಶಾಕಸಾಬನಿಗೆ ಓದು ಬರಹ ಬರುತ್ತಿರಲಿಲ್ಲ. ಸಂಶಿಯ ಬಸ್‌ಸ್ಟ್ಯಾಂಡಿನ ಹತ್ತಿರ ಮೂವತ್ತು ವರ್ಷ ಗ್ಯಾರೇಜು ನಡೆಸಿದ ಮನುಷ್ಯ, ಬೋರ್ಡಿನ ಮೇಲೆ ಬರೆಸಿದ್ದ ತನ್ನ ಹೆಸರನ್ನೇ ಬಣ್ಣದ ಗುರುತಿನಿಂದ ತಿಳಿಯುತ್ತಿದ್ದನೇ ಹೊರತು ಅಕ್ಷರದಿಂದಲ್ಲ. ಆದರೆ ಅವನ ಕಿವಿ ಬಹಳ ಚುರುಕು. ರಸ್ತೆಯ ತಿರುವಿನಲ್ಲಿ ಟ್ರ್ಯಾಕ್ಟರ್ ಇನ್ನೂ ಕಣ್ಣಿಗೆ ಬೀಳುವ ಮೊದಲೇ, "ಇದರ ವಾಟರ್ ಪಂಪ್ ಹೋಗೇತಿ" ಎಂದುಬಿಡುತ್ತಿದ್ದ. ಮಾಲೀಕ ನಂಬದೆ ಮುಂದೆ ಹೋದರೆ, ಎರಡು ದಿನ ಬಿಟ್ಟು ಅದೇ ಪಂಪನ್ನು ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದ.

ಅಕ್ಷರ ಬರುತ್ತಿದ್ದದ್ದು ಅವನ ಹೆಂಡತಿ ಮುಮತಾಜ್‌ಗೆ. ಅವಳು ನವಲಗುಂದದ ಜಮಖಾನ ನೇಯುವ ಮನೆಯ ಮಗಳು. ತಾಯಿ ಖಾದರಬಿ ಮಗ್ಗದ ಮುಂದೆ ಕೂತೇ ಆಯುಷ್ಯ ಸವೆಸಿದವಳು. ಮಗಳನ್ನು ಮಾತ್ರ ಹಟ ಹಿಡಿದು ಏಳನೇ ಇಯತ್ತೆಯವರೆಗೆ ಕನ್ನಡ ಶಾಲೆಗೆ ಕಳಿಸಿದ್ದಳು. ಮದುವೆಯಾಗಿ ಸಂಶಿಗೆ ಬಂದ ಮೇಲೆ ಮುಮತಾಜ್ ಗ್ಯಾರೇಜಿನ ಹಿಂದಿನ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಳು. ಸಾಮಾನಿನ ಡಬ್ಬಿಯ ಮೇಲಿನ ನಂಬರು ಓದುವುದು, ಗಿರಾಕಿಯ ಚೀಟಿ ಬರೆಯುವುದು ಅವಳ ಪಾಲಿಗೆ ಬಂತು. ಹೀಗಾಗಿ ದಿನಕ್ಕೆ ಹತ್ತು ಸಲವಾದರೂ ಗ್ಯಾರೇಜಿನಿಂದ "ಮುಮತಾಜ್!" ಎಂಬ ಕೂಗು ಕೇಳುತ್ತಿತ್ತು. ಆ ಓಣಿಯ ಗಂಡಸರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವವರಲ್ಲ. ಮಶಾಕಸಾಬ ಮಾತ್ರ ಒಂದಕ್ಷರವನ್ನೂ ನುಂಗದೆ ಇಡೀ ಹೆಸರು ಕೂಗುತ್ತಿದ್ದ. ಎದುರುಮನೆಯ ಸಾವಕ್ಕ ನಗುತ್ತಿದ್ದಳು: "ನಿನ್ನ ಹೆಸರ ಬಸ್‌ಸ್ಟ್ಯಾಂಡ್‌ತನಾ ಕೇಳತೈತಿ ನೋಡವಾ."

ಮನೆಯೊಳಗೆ ಅವರು ಆಡುವುದು ಉರ್ದು. ಗ್ಯಾರೇಜಿನ ಹೊಸ್ತಿಲು ದಾಟಿದರೆ ಕನ್ನಡ. ಎರಡೂ ಕಡೆ ಮಾತಿಗೆ ಬರವಿರಲಿಲ್ಲ.

ಒಬ್ಬಳೇ ಮಗಳು ತಬಸುಮ್ ಮದುವೆಯಾಗಿ ಅಣ್ಣಿಗೇರಿಗೆ ಹೋದ ವರ್ಷ ಮಶಾಕಸಾಬನಿಗೆ ಕಾರು ಕಟ್ಟುವ ಹುಚ್ಚು ಹತ್ತಿತು. ತವರಿಗೆ ಬಂದ ಮಗಳು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾವುದೋ ದೂರದೇಶದ ಮುದುಕ. ಅವನ ಮನೆಗೆ ದೊಡ್ಡ ದೊಡ್ಡ ಪೆಟ್ಟಿಗೆಗಳು ಬರುತ್ತವೆ. ಒಳಗೆ ಕಾರಿನ ಅಡಿಚೌಕಟ್ಟು ಅಂದರೆ ಚಾಸಿ, ಹೊರಮೈ ತಗಡು. ಅವನು ಒಂದು ಹಳೆಯ ಕಾರನ್ನು ಬಿಚ್ಚಿ, ಅದರ ಎಂಜಿನ್ನು, ಗೇರು, ಗಾಲಿಗಳನ್ನು ತೆಗೆದು ಈ ಹೊಸ ಮೈಗೆ ಕೂಡಿಸುತ್ತಾನೆ. ಕಡೆಗೆ ಇಬ್ಬರೇ ಕೂರುವ, ಮೇಲೆ ಛತ್ತಿಲ್ಲದ, ನೆಲಕ್ಕೆ ಹತ್ತಿದಂತಿರುವ ಕಾರು ತಯಾರಾಗುತ್ತದೆ. ಮಶಾಕಸಾಬ ಅದನ್ನು ನಾಲ್ಕು ಸಲ ನೋಡಿದ.

"ಮೂವತ್ತ ವರ್ಷ ಮಂದಿ ಗಾಡಿ ಬಿಚ್ಚಿ ಮಂದೀಗೇ ಕಟ್ಟಿ ಕೊಟ್ಟೇನಿ," ಎಂದ. "ನಂದಂತ ಒಂದೂ ಮಾಡ್ಲಿಲ್ಲ."

"ನಮಗ ಪೆಟ್ಟಿಗಿ ಯಾರ ಕಳಸ್ತಾರ್ರಿ?" ಎಂದಳು ಮುಮತಾಜ್.

"ಪೆಟ್ಟಿಗಿ ಯಾಕ ಬೇಕು? ಪ್ರಭು ಅದಾನಲ್ಲ."

ಪ್ರಭು ಎಂದರೆ ಬಾಜೂ ಅಂಗಡಿಯವನು, ಮಶಾಕಸಾಬನ ವಾರಿಗೆಯವನು. ಟ್ರ್ಯಾಕ್ಟರಿನ ಟ್ರೇಲರ್ ಕಟ್ಟುವ ವೆಲ್ಡರ್. ಪೈಪು, ತಗಡು ಅವನ ಕೈಗೆ ರೊಟ್ಟಿ ಹಿಟ್ಟಿದ್ದ ಹಾಗೆ. ಇನ್ನು ಹಳೆಯ ಕಾರು ಬೇಕಲ್ಲ, ಅದು ಗುಡಗೇರಿಯ ಮಡಿವಾಳೆಪ್ಪ ಸಾವಕಾರರ ಹಿತ್ತಲಿನಲ್ಲಿ ಸಿಕ್ಕಿತು. ಬೇವಿನ ಗಿಡದ ಕೆಳಗೆ ಆರು ವರ್ಷದಿಂದ ನಿಂತಿದ್ದ ಮಾರುತಿ ಎಂಟುನೂರು. ಅದರ ಹಿಂದಿನ ಸೀಟಿನ ಮೇಲೆ ಬೆಕ್ಕು ಮೂರು ಸಲ ಮರಿ ಹಾಕಿತ್ತು. "ಒಯ್ಯಪಾ ಮಶಾಕ," ಎಂದರು ಸಾವಕಾರರು. "ಚಾಲೂ ಇದ್ದಾಗ ನೀನ ಬದುಕ್ಸಿದಿ. ಈಗ ನಿನಗ ಬಂತು ಅನ್ನು."

ಬಿಚ್ಚುವುದಕ್ಕೇ ಮೂರು ತಿಂಗಳು ಹಿಡಿಯಿತು. ಬೇರೆಯವರ ಗಾಡಿಯಾದರೆ ಬಿಚ್ಚಿದ್ದು ಮರುದಿನ ಕೂಡುತ್ತದೆ, ಎಲ್ಲ ನೆನಪಿನಲ್ಲೇ ಇರುತ್ತದೆ. ಇದು ಹಾಗಲ್ಲ, ವರ್ಷಗಟ್ಟಲೆ ಹೋಗುವ ಕೆಲಸ. ಅದಕ್ಕೆ ಮುಮತಾಜ್ ಹೊಲಿಗೆಯಲ್ಲಿ ಉಳಿದ ಬಟ್ಟೆಯ ತುಂಡುಗಳ ಮೇಲೆ ಮಾರ್ಕರ್ ಪೆನ್ನಿನಿಂದ ಚೀಟಿ ಬರೆದಳು. ಅವನು ಕಾರಿನ ಕೆಳಗೆ ಮಲಗಿ ಹೇಳುತ್ತಿದ್ದ: "ಎಡಾ ಮುಂದಿನ ಗಾಲಿ, ಒಳಗಿನ ಬೋಲ್ಟ, ನಾಕು." ಅವಳು ಬರೆದು, ಬೋಲ್ಟುಗಳನ್ನು ಚೀಲದಲ್ಲಿ ಹಾಕಿ, ಚೀಟಿ ಕಟ್ಟಿ, ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದಳು. ಸಮವಸ್ತ್ರದ ನೀಲಿ ತುಂಡು, ರವಿಕೆಯ ಹಳದಿ ತುಂಡು, ಹಾಸಿಗೆಯ ಹೂವಿನ ತುಂಡು. ಗ್ಯಾರೇಜಿನ ಒಂದು ಗೋಡೆಯೇ ತುಂಬಿಹೋಯಿತು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಮೇಲೆ, ಗಂಡ ದಿನವಿಡೀ ಏನು ಮಾಡುತ್ತಾನೆಂಬುದು ಅವಳಿಗೆ ಮೊದಲ ಸಲ ತಿಳಿಯುತ್ತಿತ್ತು. ಅದು ಅವಳಿಗೆ ಇಷ್ಟವಾಯಿತು.

ಹಳೆಯ ಮೈಯನ್ನು ಪ್ರಭು ಕಡಿದು ಗುಜರಿಗೆ ಹಾಕಿದ. ಆಮೇಲೆ ಮಶಾಕಸಾಬ ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಿಂದ ಹೊಸ ಕಾರನ್ನು ಅದರ ಪೂರಾ ಅಳತೆಯಲ್ಲೇ ಬರೆದ. ನಡುವೆ ಎರಡು ಚೌಕ. "ಇದು ನಂದು. ಇದು ನೀ ಕುಂಡ್ರೂದು," ಎಂದ. ಮುಮತಾಜ್ ಸೀರೆ ಎತ್ತಿಕೊಂಡು ಆ ಚೌಕದೊಳಗೆ ಕೂತು, "ಹೋಗೂಣು ನಡೀರಿ" ಎಂದಳು. ಪ್ರಭು ಹೊಟ್ಟೆ ಹಿಡಿದುಕೊಂಡು ನಕ್ಕ.

ಪೈಪಿನ ಚಾಸಿ ನಿಂತು ವಾರವಾಗಿತ್ತು. ಜನವರಿಯ ಒಂದು ಬೆಳಿಗ್ಗೆ ಮಶಾಕಸಾಬ ಟೇಪು ಹಿಡಿದು ಅಳತೆ ಮಾಡುತ್ತಿದ್ದ. ಟೇಪು ಬಲಗೈಯಿಂದ ಜಾರಿ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. ಮೂರನೆಯ ಸಲ ಬಿದ್ದಾಗ ಅವನು ತನ್ನ ಕೈಯನ್ನೇ, ಅದು ಯಾರದೋ ಎಂಬಂತೆ ನೋಡಿದ. ನೋಡುತ್ತಲೇ ಚಾಸಿಗೆ ಒರಗಿ ಕುಸಿದ. ಪ್ರಭು ತನ್ನ ಟೆಂಪೋದಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ಓಡಿಸಿದ.

ಇಪ್ಪತ್ತೆರಡು ದಿನ ಆಸ್ಪತ್ರೆ. ಜೀವ ಉಳಿಯಿತು. ಬಲಗೈ ಹೋಯಿತು, ಬಲಗಾಲು ಎಳೆಯುವ ಹಾಗಾಯಿತು. ಮಾತು ಹೋಯಿತು. ಡಾಕ್ಟರು ಮುಮತಾಜ್‌ಳನ್ನು ಬದಿಗೆ ಕರೆದು ಹೇಳಿದರು: "ಅವರಿಗೆ ಎಲ್ಲಾ ಗೊತ್ತಾಗ್ತದಮ್ಮ. ನಿಮ್ಮನ್ನ ಮರೆತಿಲ್ಲ. ಆದರ ಹೆಸರು ಹುಡುಕಿದ್ರ ಸಿಗೂದಿಲ್ಲ. ಮಿದುಳಿನ್ಯಾಗ ಆ ಜಾಗಾಕ್ಕ ಪೆಟ್ಟು ಬಿದ್ದೈತಿ."

ಸಿಕ್ಕಿದ್ದು ಒಂದೇ ಒಂದು ಶಬ್ದ. ಸಂತಿ, ಅಂದರೆ ವಾರದ ಸಂತೆ. ಅದೇ ಏಕೆ ಉಳಿಯಿತೋ ಯಾರಿಗೂ ತಿಳಿಯಲಿಲ್ಲ. ನೀರು ಬೇಕಾದರೆ ಸಂತಿ. ಚಹಾ ಬೇಕಾದರೆ ಸಂತಿ. ಮಗಳು ಅಣ್ಣಿಗೇರಿಯಿಂದ ಓಡಿಬಂದು ಎದುರು ನಿಂತಾಗಲೂ, ಮುಖ ಅರಳಿಸಿಕೊಂಡು "ಸಂತಿ" ಎಂದ. ತಬಸುಮ್‌ಗೆ ನಗೆಯೂ ಬಂತು, ಅಳುವೂ ಬಂತು. ಅವಳ ಮುಖ ನೋಡಿ, ತಾನು ಆಡಬೇಕೆಂದದ್ದು ಅದಲ್ಲವೆಂದು ಅವನಿಗೆ ಗೊತ್ತಾಯಿತು. ಬಾಯಿ ಮುಚ್ಚಿಕೊಂಡ. ಹಾಗೆ ಎಷ್ಟೋ ಸಲವಾದ ಮೇಲೆ ಅವನು ಆ ಒಂದು ಶಬ್ದವನ್ನೂ ಬಿಟ್ಟ.

ಗ್ಯಾರೇಜಿನ ಶಟರ್ ಕೆಳಗಿಳಿಯಿತು. ಮೊದಮೊದಲು ನೋಡಲು ಬಂದವರು, ಕಿವುಡನ ಹತ್ತಿರ ಮಾತಾಡುವಂತೆ ಗಟ್ಟಿಯಾಗಿ ಮಾತಾಡಿ ಹೋದರು. ಆಮೇಲೆ ಬರುವುದು ಕಡಿಮೆಯಾಯಿತು. ಮುಮತಾಜ್ ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಹೆಚ್ಚು ಹಿಡಿದಳು. ಮಶಾಕಸಾಬ ಮಂಚದ ಮೇಲೆ ಕೂತು ಯಂತ್ರದ ಸಪ್ಪಳ ಕೇಳುತ್ತಿದ್ದ. ಒಂದು ದಿನ ಯಂತ್ರ ಸ್ವಲ್ಪ ಗರಗರ ಎಂದಾಗ ಅವನು ಎಣ್ಣೆಯ ಡಬ್ಬಿಯನ್ನು ಎಡಗೈಯಿಂದ ಮುಂದೆ ತಳ್ಳಿದ. ಮುಮತಾಜ್ ಎಣ್ಣೆ ಬಿಟ್ಟಳು. ಕಿವಿಗೆ ಏನೂ ಆಗಿಲ್ಲವೆಂದು ಅವಳಿಗೆ ತಿಳಿದದ್ದು ಆಗ.

ಮಳೆಗಾಲ ಬಂತು. ಗ್ಯಾರೇಜಿನ ತಗಡು ಸೋರಿ ಗೋಡೆಯ ಚೀಟಿಗಳು ತೊಯ್ದಿದ್ದವು. ಶಾಯಿ ಹರಡಿ, ಅಕ್ಷರ ಅಳಿಸಿಹೋಗುವಂತಾಗಿತ್ತು. ಒಣಗಿಸಲೆಂದು ಮುಮತಾಜ್ ಒಂದು ಗೊಂಚಲು ಚೀಲ ತಂದು ಮಂಚದ ಮೇಲೆ ಹರವಿದಳು. ಮಶಾಕಸಾಬ ಎಡಗೈ ಚಾಚಿ ಅದರಲ್ಲಿ ಒಂದು ಕಬ್ಬಿಣದ ತುಂಡು ತೆಗೆದುಕೊಂಡ. ಕಣ್ಣು ಮುಚ್ಚಿ ಬೆರಳುಗಳ ನಡುವೆ ತಿರುಗಿಸಿದ. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡು, ಕೋಲು ಹಿಡಿದು ಎದ್ದ. ಅವಳು ಬೇಡವೆಂದರೂ ಕೇಳದೆ, ಕಾಲೆಳೆಯುತ್ತ ಗ್ಯಾರೇಜಿಗೆ ನಡೆದು, ಚಾಸಿಗೆ ಒರಗಿ, ಅದರ ಎಡ ಮೂಲೆಯಲ್ಲಿ ಆ ತುಂಡನ್ನು ಅದರ ಜಾಗಕ್ಕೆ ಹಿಡಿದು ನಿಂತ. ಹೆಂಡತಿಯತ್ತ ತಿರುಗಿ ನೋಡಿದ. ತುಸು ಸಿಟ್ಟಿನಿಂದಲೇ ನೋಡಿದ, ಇಷ್ಟು ದಿನ ಏನು ಮಾಡುತ್ತಿದ್ದೆ ಎನ್ನುವಂತೆ.

ಮರುದಿನದಿಂದ ಮುಮತಾಜ್ ಮಧ್ಯಾಹ್ನದೊಳಗೆ ಹೊಲಿಗೆ ಮುಗಿಸಿ, ಊಟವಾದ ಮೇಲೆ ಶಟರ್ ಎತ್ತತೊಡಗಿದಳು. ಅವಳು ಚೀಟಿ ಓದುವುದು, ಅವನು ತೋರಿಸುವುದು, ಅವಳು ಕೂಡಿಸುವುದು. ಬೋಲ್ಟು ತಿರುಗಿಸುವ ಪಾನಾ ಹಿಡಿಯಲು ಕಲಿತಳು. ಬಿಗಿಯಾದ ಬೋಲ್ಟಿಗೆ ಪೈಪು ಹಾಕಿ ಮೈಭಾರ ಬಿಡುವುದನ್ನು ಕಲಿತಳು. ವೆಲ್ಡಿಂಗ್ ಬಂದಾಗ ಪ್ರಭುವನ್ನು ಕರೆಯುತ್ತಿದ್ದಳು. ರಸ್ತೆಯ ಮೇಲೆ ಹೋಗುವವರು ನಿಂತು ನೋಡುತ್ತಿದ್ದರು. ಕೆಲವರು ಏನೇನೋ ಅಂದರು. ಸಾವಕ್ಕ ಬಂದು ಗ್ಯಾರೇಜಿನ ಬಾಗಿಲಲ್ಲೇ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತ ಕೂತಳು. ಅವಳು ಅಲ್ಲಿ ಕೂತ ಮೇಲೆ ಅನ್ನುವವರು ಕಡಿಮೆಯಾದರು.

ಅದು ಒಂದು ಶನಿವಾರ. ಮುಮತಾಜ್ ಹಿಂದಿನ ಗಾಲಿಯ ಬೇರಿಂಗ್ ಹಾಕುತ್ತಿದ್ದಳು. ಅದು ಕೂರುತ್ತಿರಲಿಲ್ಲ. ಮಶಾಕಸಾಬ ಕೋಲಿನಿಂದ ನೆಲ ಬಡಿದ, ಗಂಟಲಲ್ಲಿ ಏನೋ ಗುರುಗುಟ್ಟಿದ. ಅವಳಿಗೆ ತಿಳಿಯಲಿಲ್ಲ. ಸುತ್ತಿಗೆ ಎತ್ತಿದಳು.

"ಉಲ್ಟಾ!"

ಸುತ್ತಿಗೆ ಅವಳ ಕೈಯಿಂದ ಬಿತ್ತು. ಸಾವಕ್ಕನ ಮೊರ ನಿಂತಿತು.

"ಏನಂದ್ರಿ?" ಎಂದಳು ಮುಮತಾಜ್. "ಇನ್ನೊಮ್ಮಿ ಅನ್ರಿ."

"ಉಲ್ಟಾ," ಎಂದ ಅವನು, ಈ ಸಲ ಮೆಲ್ಲಗೆ, ತನ್ನ ಬಾಯಿಯನ್ನು ತಾನೇ ನಂಬದವನಂತೆ.

ಬೇರಿಂಗ್ ನಿಜಕ್ಕೂ ಉಲ್ಟಾ ಇತ್ತು. ತಿರುಗಿಸಿ ಹಾಕಿದರೆ ತಟ್ಟನೆ ಕೂತುಬಿಟ್ಟಿತು. ಮುಮತಾಜ್ ಗ್ರೀಸಿನ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡಳು.

ಆಮೇಲೆ ಒಂದೊಂದೇ ಶಬ್ದ ಬಂತು. ಗ್ರೀಸ್. ಬೇರಿಂಗ್. ಹದಿನಾಲ್ಕು, ಅಂದರೆ ಹದಿನಾಲ್ಕನೇ ನಂಬರಿನ ಪಾನಾ. ಟೈಟ್. ಸಾಕು. ಬಂದ ಶಬ್ದವನ್ನೆಲ್ಲ ಮುಮತಾಜ್ ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದಿಟ್ಟಳು. ರಮಜಾನ್ ಬರುವಷ್ಟರಲ್ಲಿ ನಲವತ್ತೊಂದು ಶಬ್ದವಾಗಿದ್ದವು. ಅದರಲ್ಲಿ ರೊಟ್ಟಿ ಇರಲಿಲ್ಲ, ನೀರು ಇರಲಿಲ್ಲ. ಮನೆಯ ಉರ್ದು ಒಂದೂ ಇರಲಿಲ್ಲ. ತಬಸುಮ್ ಇರಲಿಲ್ಲ. ಮುಮತಾಜ್ ಇರಲಿಲ್ಲ.

ಅವಳು ಕಾದಳು. ಬೋಲ್ಟು ಬಂದ ಹಾಗೆ, ಗ್ರೀಸ್ ಬಂದ ಹಾಗೆ, ಒಂದು ದಿನ ತಾನೂ ಬರುತ್ತೇನೆ ಎಂದುಕೊಂಡಳು. ಬರಲಿಲ್ಲ. ಒಂದು ಮಧ್ಯಾಹ್ನ, ಗ್ಯಾರೇಜಿನಲ್ಲಿ ಬೇರೆ ಯಾರೂ ಇಲ್ಲದಾಗ, ಬಿಡಿಭಾಗಗಳನ್ನು ಅವನ ಎಡಗೈಗೆ ಕೊಡುತ್ತಿದ್ದಂತೆಯೇ ತನ್ನ ಅಂಗೈಯನ್ನು ಕೊಟ್ಟಳು.

"ಇದು ಯಾರ್ದು ಹೇಳ್ರಿ?"

ಮಶಾಕಸಾಬ ಅದನ್ನು ಹಿಡಿದುಕೊಂಡ. ಸೂಜಿ ಚುಚ್ಚಿ ಒರಟಾದ ಅವಳ ಬೆರಳ ತುದಿಯ ಮೇಲೆ ಹೆಬ್ಬೆರಳು ಆಡಿಸಿದ. ಯಾರದೆಂದು ಅವನಿಗೆ ಗೊತ್ತಿತ್ತು, ಮುಖದಲ್ಲಿ ಕಾಣುತ್ತಿತ್ತು. ತುಟಿ ಕೂಡಿಸಿದ, ಬಿಡಿಸಿದ. ಹಣೆಯ ಮೇಲೆ ಬೆವರು ಬಂತು. "ಸಂ..." ಎಂದು ಶುರುಮಾಡಿ, ಅದಲ್ಲವೆಂದು ತಿಳಿದು, ಹಲ್ಲು ಕಚ್ಚಿ ನಿಲ್ಲಿಸಿದ. ಕಣ್ಣಿಂದ ನೀರು ಇಳಿಯಿತು. ಕೈಬಿಟ್ಟು ಗೋಡೆಯತ್ತ ತಿರುಗಿ ಕೂತ.

ಮುಮತಾಜ್ ಮತ್ತೆಂದೂ ಆ ಪ್ರಶ್ನೆ ಕೇಳಲಿಲ್ಲ.

ಮಗಳು ಬಂದಾಗ ಗೋಡೆಯ ಪಟ್ಟಿ ಓದಿ ಸಿಟ್ಟಾದಳು. "ಅಬ್ಬಾಗ ಕಬ್ಬಿಣದ ಹೆಸರ ಬರ್ತಾವ. ನಮ್ಮ ಹೆಸರ ಬರಂಗಿಲ್ಲ. ನಾವೇನ ಅವಕ್ಕಿಂತ ಕಡೀನ, ಅಮ್ಮೀ?"

"ಬ್ಯಾಡಂತ ಬಿಟ್ಟಾರೇನ ಅವರು? ಸಿಗವಲ್ದು," ಎಂದಳು ಮುಮತಾಜ್. ಮಗಳಿಗೆ ಹಾಗೆಂದಳಾದರೂ ಅವತ್ತು ಅವಳ ಹೊಲಿಗೆ ಎರಡು ಸಲ ಸೊಟ್ಟಾಯಿತು. ಬಿಚ್ಚಿ ಹೊಲಿದಳು. ಆಮೇಲೆ ಹದಿನೈದು ದಿನ ಗ್ಯಾರೇಜಿನ ಕಡೆ ಹೋಗಲಿಲ್ಲ. ಕೆಲಸ ಬಹಳವಿದೆ ಎಂದಳು. ಕೆಲಸವೇನೂ ಅಷ್ಟಿರಲಿಲ್ಲ. ಆ ಕಾರಿನ ಮೇಲೆ ಅವಳಿಗೆ ಸವತಿಯ ಮೇಲಿನಂಥ ಹೊಟ್ಟೆಕಿಚ್ಚು. ಮಶಾಕಸಾಬ ಪ್ರತಿ ಮಧ್ಯಾಹ್ನ ಕೋಲು ಹಿಡಿದು ಹೋಗಿ ಮುಚ್ಚಿದ ಶಟರಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಕರೆಯಲು ಅವನ ಬಳಿ ಹೆಸರಿಲ್ಲ. ಸುಮ್ಮನೆ ಕೂರುತ್ತಿದ್ದ. ಹದಿನಾರನೆಯ ದಿನ ಬಿಸಿಲು ಅವನ ಕಾಲ ಮೇಲೆ ಬಿದ್ದದ್ದನ್ನು ಕಿಟಕಿಯಿಂದ ನೋಡಿ, ಮುಮತಾಜ್ ಕೀಲಿಕೈ ತೆಗೆದುಕೊಂಡು ಹೊರಗೆ ಬಂದಳು.

ಇನ್ನೂ ಒಂದೂವರೆ ವರ್ಷ ಹಿಡಿಯಿತು. ಪ್ರಭು ಬಗ್ಗಿಸಿದ ತಗಡು ಮೈಯಾಯಿತು. ಟ್ರೇಲರಿಗೆ ಬಳಿದು ಉಳಿದ ಕೆಂಪು ಬಣ್ಣ ಅದಕ್ಕೂ ಬಂತು. ಮುಮತಾಜ್ ರೆಕ್ಸಿನ್ ಕತ್ತರಿಸಿ ಎರಡು ಸೀಟು ಹೊಲಿದಳು. ಗಾಲಿಗಳನ್ನು ಮೇಲೆತ್ತಿ ನಿಲ್ಲಿಸಿದ್ದ ಆ ಕಾರಿನಲ್ಲೇ ಕೂತು ಕ್ಲಚ್ಚು, ಗೇರು ಕಲಿತಳು. ಎಂಜಿನ್ನು ಮೊದಲ ಸಲ ಹೊತ್ತಿಕೊಂಡ ದಿನ ಪ್ರಭುವೂ ಅಲ್ಲಿದ್ದ. ಮಶಾಕಸಾಬ ಎಡ ಅಂಗೈಯನ್ನು ಎಂಜಿನ್ನಿನ ಮೇಲಿಟ್ಟು, ತಲೆ ಬಗ್ಗಿಸಿ ಕೇಳಿದ. ಎರಡು ಬೆರಳು ಎತ್ತಿದ. ಎರಡನೇ ಸಿಲಿಂಡರಿನ ಪ್ಲಗ್ಗು ಬಿಚ್ಚಿ ನೋಡಿದರೆ ಮಸಿ ಹಿಡಿದಿತ್ತು. ಒರೆಸಿ ಹಾಕಿದ ಮೇಲೆ ಎಂಜಿನ್ನು ಒಂದೇ ಸಮನೆ ಓಡಿತು.

ಕಾರಿಗೆ ನಂಬರು ಕೇಳಲು ಮಡಿವಾಳೆಪ್ಪ ಸಾವಕಾರರೇ ಆರ್‌ಟಿಓ ಕಚೇರಿಗೆ ಹೋಗಿಬಂದರು. ಪಾಪ, ಮುಖ ಸಣ್ಣ ಮಾಡಿಕೊಂಡು ಬಂದರು.

"ಹಳೇ ನಂಬರು ಹಳೇ ಗಾಡಿಗಷ್ಟ ಅಂತ, ಮಶಾಕ. ಮೈ ಕಡದು ಬ್ಯಾರೆ ಮೈ ಮಾಡಿದ್ರ ಅದು ಬ್ಯಾರೆ ಗಾಡಿನ. ಕಾನೂನಿನ್ಯಾಗ ಜಾಗಾ ಇಲ್ಲ, ರಸ್ತಾಕ್ಕ ತರಂಗಿಲ್ಲ ಅಂದ್ರು."

ಮುಮತಾಜ್ ಗಂಡನ ಮುಖ ನೋಡಿದಳು. ಅವನು ಎಲ್ಲ ಕೇಳಿ, "ಬ್ರೇಕ್" ಎಂದ. ಬ್ರೇಕಿನ ಕೆಲಸ ಇನ್ನೂ ಬಾಕಿ ಇತ್ತು. ಅವನ ಚಿಂತೆ ಅದು.

ಸಾವಕಾರರು ಜೋರಾಗಿ ನಕ್ಕು ಕಣ್ಣೊರೆಸಿಕೊಂಡರು. "ಕಡ್ಲಿ ಕಿತ್ತಾದ ಮ್ಯಾಲ ನನ್ನ ಹೊಲದಾಗ ಓಡಸರಿ. ಅಲ್ಲಿ ಯಾರ ಕೇಳ್ತಾರ?"

ಮಾರ್ಚಿನಲ್ಲಿ ಪ್ರಭು ತನ್ನ ಟ್ರೇಲರಿನ ಮೇಲೆ ಕಾರನ್ನು ಗುಡಗೇರಿಗೆ ಸಾಗಿಸಿದ. ಕಡಲೆ ಕಿತ್ತ ಎರೆಹೊಲ ಒಣಗಿ ಗಟ್ಟಿಯಾಗಿತ್ತು. ಮುಮತಾಜ್ ಸ್ಟೇರಿಂಗ್ ಹಿಡಿದಳು, ಮಶಾಕಸಾಬನನ್ನು ಎಡಗಡೆ ಕೂರಿಸಿದರು. ಹೊಲದ ಗಡಿಯ ಬಾಂದಿನ ಬದಿಯಲ್ಲಿ ಹದಿನೈದು ಇಪ್ಪತ್ತು ಜನ ನಿಂತಿದ್ದರು. ಕಾರು ಎರಡು ಸಲ ಕುಲುಕಿ ನಿಂತು, ಆಮೇಲೆ ಓಡಿತು. ಎದುರಿನ ಗಾಳಿ ಅವಳ ಸೆರಗನ್ನು ಹಿಂದಕ್ಕೆ ಹಾರಿಸಿತು. ಗಂಡನ ಮುಖದಲ್ಲಿ ನಗು ಇದೆಯೇನೋ ಎಂದು ತಿರುಗಿದಳು. ನಗು ಇರಲಿಲ್ಲ. ಅವನು ತಲೆ ಓರೆ ಮಾಡಿಕೊಂಡು ಕಿವಿಗೊಟ್ಟಿದ್ದ, ಹಳೆಯ ದಿನಗಳಂತೆ. ಹೊಲದ ಆ ಕೊನೆ ಮುಟ್ಟಿದಾಗ "ಸಾಕು" ಎಂದ. ಕೋಲೂರಿ ಇಳಿದು, ಹಿಂದಿನ ಗಾಲಿ ತೋರಿಸಿ, "ಲೂಸ್" ಎಂದ. ಅವಳು ಪಾನಾ ತಂದು ಬಿಗಿ ಮಾಡಿದಳು. ಅವನು ತಲೆಯಾಡಿಸಿದ. ಆ ಮಧ್ಯಾಹ್ನ ಅವರು ಹೊಲವನ್ನು ಆರು ಸಲ ಸುತ್ತಿದರು. ಪ್ರತಿ ಸುತ್ತಿನಲ್ಲೂ ಅವನು ಏನಾದರೊಂದು ತಪ್ಪು ಹಿಡಿದ. ಅಷ್ಟು ಸುಖವಾಗಿ ಅವನಿದ್ದದ್ದನ್ನು ಮುಮತಾಜ್ ಕಾಯಿಲೆಯ ನಂತರ ನೋಡಿರಲಿಲ್ಲ.

ಇನ್ನೊಮ್ಮೆ ಹೋಗಬೇಕೆನ್ನುವಷ್ಟರಲ್ಲಿ ಮಳೆ ಹಿಡಿಯಿತು. ಕಾರು ಸಾವಕಾರರ ಕೊಟ್ಟಿಗೆಯಲ್ಲೇ ಉಳಿಯಿತು. ಜುಲೈ ಕೊನೆಗೆ, ಬೆಳಗಿನ ಚಹಾ ಕೊಟ್ಟು ಮುಮತಾಜ್ ಒಳಗೆ ಹೋಗಿ ಬರುವಷ್ಟರಲ್ಲಿ ಮಶಾಕಸಾಬ ಮಂಚದ ಮೇಲೆ ಒಂದು ಬದಿಗೆ ವಾಲಿದ್ದ. ಈ ಸಲ ಆಸ್ಪತ್ರೆ ಮುಟ್ಟುವವರೆಗೂ ಜೀವ ನಿಲ್ಲಲಿಲ್ಲ. ಟೆಂಪೋದಲ್ಲಿ ಅವನ ತಲೆ ಅವಳ ತೊಡೆಯ ಮೇಲಿತ್ತು, ಕಣ್ಣು ಅವಳ ಮೇಲಿತ್ತು. ತುಟಿ ಅಲುಗಿತು. ಅವಳು ಕಿವಿ ತಂದು ಬಗ್ಗಿದಳು. ಬರೀ ಉಸಿರು.

ಗಂಡ ಸತ್ತವಳು ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಮತಾಜ್ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಆ ದಿನಗಳಲ್ಲೇ ಹೆದ್ದಾರಿಯ ಮೇಲೆ ಊಟದ ಹೋಟೆಲ್ ಇಟ್ಟ ಒಬ್ಬ ಸಿರಿವಂತ ಕಾರು ಕೊಳ್ಳಲು ಬಂದ. ತಬಸುಮ್ ಬಾಗಿಲಲ್ಲಿ ನಿಂತಳು, ಮುಮತಾಜ್ ಪರದೆಯ ಹಿಂದಿನಿಂದ ಕೇಳಿಸಿದಳು: "ಎಲ್ಲಿ ಓಡಸ್ತಾರಂತ ಕೇಳು."

"ಓಡಸೂದಲ್ರಿ," ಎಂದ ಆತ. "ಎಂಜಿನ್ ತಗದು, ಕಂಬದ ಮ್ಯಾಲ ಇಡ್ತೀವಿ. ಮಂದಿ ಫೋಟೋ ತಗೋತಾರ."

"ಕೊಡೂದಿಲ್ಲಂತ ಹೇಳು," ಎಂದಳು ಮುಮತಾಜ್. ಅವತ್ತೇ ಗುಡಗೇರಿಗೆ ಫೋನು ಮಾಡಿಸಿ ಹೇಳಿದಳು: ನಿಂತಲ್ಲಿ ತುಕ್ಕು ಹಿಡಿಯುವುದು ಬೇಡ, ಹೊಲದ ಕೆಲಸಕ್ಕೆ ಬೇಕಾದ ಹಾಗೆ ಬಳಸಿಕೊಳ್ಳಿರಿ.

ಡಿಸೆಂಬರಿನಲ್ಲಿ ಇದ್ದತ್ತು ಮುಗಿದ ವಾರ ಅವಳು ಬಸ್ಸು ಹತ್ತಿ ಗುಡಗೇರಿಗೆ ಹೋದಳು. ಸಾವಕಾರರ ಹೊಲದಲ್ಲಿ ಹತ್ತಿ ಬಿಡಿಸುವುದು ನಡೆದಿತ್ತು. ದೂರದ ಬಂಡಿದಾರಿಯಲ್ಲಿ ಧೂಳೆಬ್ಬಿಸುತ್ತ ಕೆಂಪು ಕಾರು ಬಂತು. ಓಡಿಸುತ್ತಿದ್ದವಳು ಸಾವಕಾರರ ಸೊಸೆ ಶಾಂಭವಿ. ಹಿಂದೆ ನೀರಿನ ಕ್ಯಾನು ಕಟ್ಟಿತ್ತು. ಅಲ್ಲಲ್ಲಿ ಬಣ್ಣ ಎದ್ದಿತ್ತು. ಮಶಾಕಸಾಬ ಕೂತಿದ್ದ ಸೀಟಿನ ಮೇಲೆ ಆಳೆತ್ತರದ ಹತ್ತಿಯ ಗಂಟು ಕೂತಿತ್ತು.

ಮುಮತಾಜ್‌ಳ ಕಾಲು ನಿಂತುಬಿಟ್ಟಿತು. ಸಾವಕಾರರು ಅದನ್ನು ಕಂಡು ನಾಚಿದರು. "ಏ ಶಾಂಭವಿ, ಆ ಗಂಟ ಮೊದಲ ಕೆಳಗಿಳಸವಾ."

"ಇರ್ಲಿ ಬಿಡ್ರಿ, ಸಾವಕಾರ್ರ," ಎಂದಳು ಮುಮತಾಜ್. "ಗಾಡಿ ಇರೂದ ಹೊರಾಕ."

ಶಾಂಭವಿ ಇಳಿದು ಬಂದು, ಕಾರಿನ ಮಾತನ್ನೇ ಎತ್ತಿದಳು. "ಮುಮತಾಜಕ್ಕಾ, ಎರಡನೇ ಗೇರ ಹಾಕೂಮುಂದ ಖಟ್ ಅಂತ ಸಪ್ಪಳ ಬರ್ತೈತ್ರಿ. ಎಂಟ ದಿನ ಆತು."

ಮುಮತಾಜ್ ಕೂತು ಹತ್ತು ಮಾರು ಓಡಿಸಿದಳು. ಕೇಳಿದಳು. ಕೆಳಗೆ ಗೇರಿನ ಸಲಾಕೆಯ ಬೋಲ್ಟು ಸಡಿಲಾಗಿತ್ತು. ಯಾರೂ ಹೇಳಬೇಕಾಗಿರಲಿಲ್ಲ, ಅವಳಿಗೇ ತಿಳಿಯಿತು. ಪಾನಾ ಇಸಿದುಕೊಂಡು, ಸೆರಗು ಬಿಗಿದು, ಎರೆಮಣ್ಣಿನ ಮೇಲೆ ಬೆನ್ನು ಹಚ್ಚಿ ಕಾರಿನ ಕೆಳಗೆ ಜಾರಿದಳು.

ಸಾವಿನ ಮನೆಯಲ್ಲಿ ಅವಳು ಅತ್ತಿದ್ದಳು. ಬಂದವರ ಕೊರಳಿಗೆ ಬಿದ್ದು ಅತ್ತಿದ್ದಳು, ಮೂರನೆಯ ದಿನ, ನಲವತ್ತನೆಯ ದಿನ. ಆಗೆಲ್ಲ ಸುತ್ತ ಜನ, ಸಮಾಧಾನ ಹೇಳುವ ಬಾಯಿ, ಬೆನ್ನು ಸವರುವ ಕೈ. ಇಲ್ಲಿ ಮುಖದ ಮೇಲೆ ಒಂದು ಗೇಣಿನಷ್ಟು ಎತ್ತರಕ್ಕೆ ಬೆಚ್ಚಗಿನ ಕಬ್ಬಿಣ ಬಿಟ್ಟರೆ ಮತ್ತೇನೂ ಇರಲಿಲ್ಲ.

ಬೋಲ್ಟು ಬಿಗಿ ಮಾಡಲು ಐದು ನಿಮಿಷ ಸಾಕಿತ್ತು. ಅವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಹತ್ತಿ ಬಿಡಿಸುವ ಹೆಂಗಸರು ತಲೆಯ ಮೇಲೆ ಗಂಟು ಹೊತ್ತು ಬಂದು, ಗಾಡಿ ಯಾವಾಗ ಹೊರಡುತ್ತದೆಂದು ಕೇಳಿದರು. ಕಾರಿನ ಕೆಳಗಿನಿಂದ ಹೊರಗೆ ಚಾಚಿದ್ದ ಎರಡು ಪಾದಗಳನ್ನು ಶಾಂಭವಿ ನೋಡಿದಳು. ಅವು ಸಣ್ಣಗೆ ನಡುಗುತ್ತಿದ್ದವು. ಗಂಟುಗಳನ್ನು ನೆರಳಿಗೆ ಇಳಿಸಿ ಕೂರಲು ಅವರಿಗೆ ಸನ್ನೆ ಮಾಡಿದಳು, ಕೆಳಗಿದ್ದವಳನ್ನು ಮಾತ್ರ ಕರೆಯಲಿಲ್ಲ.